ಹೌದು, ಇಲ್ಲ, ಗೊತ್ತಿಲ್ಲ

ಜನರ ಅಭಿಪ್ರಾಯ ಕೇಳುವುದು ನನ್ನ ಕೆಲಸ. ತಲೆಗೆ ಹೆಡ್‌ಫೋನ್, ಎದುರಿಗೆ ಪರದೆ, ಪರದೆಯ ಮೇಲೆ ಪ್ರಶ್ನೆ, ಅದರ ಕೆಳಗೆ ಮೂರು ಗುಂಡಿ: ಹೌದು, ಇಲ್ಲ, ಗೊತ್ತಿಲ್ಲ. ಊಟದ ಹೊತ್ತಿಗೆ ಫೋನ್ ಮಾಡಿದರೆ ಜನ ಬೈಯುತ್ತಾರೆ, ನಿದ್ದೆಯ ಹೊತ್ತಿಗೆ ಮಾಡಿದರೆ ಇನ್ನೂ ಬೈಯುತ್ತಾರೆ. ಬೈದು ಮುಗಿಸಿ ಅಭಿಪ್ರಾಯವನ್ನೂ ಹೇಳುತ್ತಾರೆ. ಮೂರನೆಯ ಗುಂಡಿಯನ್ನು ನಾನು ಒತ್ತಿದ್ದೇ ಅಪರೂಪ. ಸೋಪಿನ ವಾಸನೆಯಿಂದ ಹಿಡಿದು ಸರ್ಕಾರದವರೆಗೆ ಎಲ್ಲದರ ಬಗ್ಗೆ ಕೇಳಿದ್ದೇನೆ, ಯಾವುದೂ ನನಗೆ ಅಂಟಿದ್ದಿಲ್ಲ. ಈ ಸಲದ ಪ್ರಶ್ನೆ ಮಾತ್ರ ನಮ್ಮ ಮನೆಯದಾಗಿತ್ತು.

ಅಣ್ಣ ಜೈಲಿನಲ್ಲಿದ್ದಾನೆ. ಗೆಳೆಯರು ಕರೆದರೆಂದು ವ್ಯಾನ್ ಓಡಿಸಿಕೊಂಡು ಹೋಗಿದ್ದ. ಅವರು ಗೋದಾಮು ದೋಚಲು ಹೋಗಿ ಕಾವಲುಗಾರನನ್ನು ಹೊಡೆದು ಸಾಯಿಸಿದರು. ಇವನು ಹೊರಗೆ ಎಂಜಿನ್ ಚಾಲೂ ಇಟ್ಟುಕೊಂಡು ಕೂತಿದ್ದ. ಅವನದೇನೂ ತಪ್ಪಿಲ್ಲ ಎಂದು ನಾನು ವಾದಿಸುವುದಿಲ್ಲ. ಕೋರ್ಟಿನಲ್ಲಿ ಆ ಕಾವಲುಗಾರನ ಹೆಂಡತಿಯ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಆದರೆ ಒಳಗೆ ಹೋದವನು ಹೊಲಿಗೆ ಕಲಿತ, ಯಾರ ತಂಟೆಗೂ ಹೋಗದೆ ಇದ್ದ. ಒಳ್ಳೆಯ ನಡತೆಗಾಗಿ ಅವಧಿಗೆ ಮುಂಚೆ ಬಿಡುವವರಲ್ಲಿ ಅವನೂ ಒಬ್ಬ ಎಂದು ಈ ವರ್ಷ ತಿಳಿಸಿದ್ದರು. ಅಮ್ಮ ಅವನ ಕೋಣೆಗೆ ಸುಣ್ಣ ಹೊಡೆಸಿದಳು.

ಅಷ್ಟರಲ್ಲಿ, ಹೋದ ಸಲ ಹೀಗೇ ಬಿಡುಗಡೆಯಾಗಿದ್ದ ಇನ್ನೊಬ್ಬ ಒಂದು ಪುಟ್ಟ ಹುಡುಗಿಯನ್ನು ಕೊಂದ. ಆ ಮಗುವಿನ ಫೋಟೋ ಟಿವಿಯಲ್ಲಿ ನೋಡಿ ನಾನೂ ಅತ್ತೆ, ಅವನನ್ನು ಸುಟ್ಟುಹಾಕಬೇಕು ಎಂದು ನನಗೂ ಅನಿಸಿತು. ಬೀದಿಬೀದಿಯಲ್ಲಿ ಘೋಷಣೆ ಎದ್ದಿತು. ಮಂತ್ರಿ ಮೈಕಿನ ಮುಂದೆ ನಿಂತು, ತನಗಿಂತ ಜನ ದೊಡ್ಡವರು, ಈ ಬಿಡುಗಡೆ ಬೇಕೋ ಬೇಡವೋ ಅವರನ್ನೇ ಕೇಳುತ್ತೇನೆ ಎಂದ. ಚುನಾವಣೆ ಹತ್ತಿರವಾದಾಗ ಈ ಮಹಾನುಭಾವರ ಕಣ್ಣಿಗೆ ಜನ ದಿಢೀರನೆ ದೊಡ್ಡವರಾಗಿ ಕಾಣುತ್ತಾರೆ. ಕೇಳುವ ಗುತ್ತಿಗೆ ನಮ್ಮ ಆಫೀಸಿಗೆ ಸಿಕ್ಕಿತು.

ಪ್ರಶ್ನೆ ಹೀಗಿತ್ತು: ‘ಘೋರ ಅಪರಾಧಿಗಳನ್ನು ಅವಧಿಗೆ ಮುಂಚೆಯೇ ಬಿಟ್ಟು, ಅವರು ನಿಮ್ಮ ಮಕ್ಕಳ ನಡುವೆ ಓಡಾಡಲು ಅವಕಾಶ ಕೊಡಬೇಕೇ?’ ಇದಕ್ಕೆ ಹೌದು ಎನ್ನಬೇಕಾದರೆ ತಲೆ ಕೆಟ್ಟಿರಬೇಕು. ಮೊದಲ ದಿನವಿಡೀ ‘ಇಲ್ಲ’ ಒತ್ತಿ ಒತ್ತಿ ನನ್ನ ಬೆರಳು ನೋಯಿತು.

ಮರುದಿನ ಮಧ್ಯಾಹ್ನ ತಡೆಯಲಾಗಲಿಲ್ಲ. ಪ್ರಶ್ನೆ ಬಿಟ್ಟು ನನ್ನ ಮಾತಿನಲ್ಲೇ ಕೇಳಿದೆ. ವ್ಯಾನ್ ಓಡಿಸಿದ ಒಬ್ಬನಿದ್ದಾನೆ, ಕೈ ಎತ್ತಿದವನಲ್ಲ, ಆದರೆ ಜೀವ ಹೋಯಿತು, ವರ್ಷಗಟ್ಟಲೆ ಒಳಗಿದ್ದು ಕೆಲಸ ಕಲಿತಿದ್ದಾನೆ, ಬಿಡಬಹುದೇ? ಫಟ್ಟನೆ ಉತ್ತರ ಕೊಡುತ್ತಿದ್ದ ಜನ ತಡವರಿಸತೊಡಗಿದರು. ಆ ಕಾವಲುಗಾರನ ಮನೆಯವರ ಗತಿ ಏನು ಎಂದು ವಿಚಾರಿಸಿದರು. ಇವನಿಗೆ ತಾಯಿ ಇದ್ದಾಳಾ ಎಂದು ಕೇಳಿದರು. ಕೆಲವರು ಬೇಡವೆಂದರು, ಆದರೆ ಯೋಚಿಸಿ ಬೇಡವೆಂದರು. ಹೆಚ್ಚಿನವರು ಬಿಡಬಹುದು ಎಂದರು. ಕಿರಾಣಿ ಅಂಗಡಿಯ ಹೆಂಗಸೊಬ್ಬಳು ಗಿರಾಕಿಯನ್ನು ನಿಲ್ಲಿಸಿ ನನ್ನೊಡನೆ ಮಾತಾಡಿದಳು.

"ಅನುಭವಿಸಿದಾನಲ್ಲ ಪಾಪ, ಸಾಕು. ಮನೆಗೆ ಕಳಿಸ್ಬಿಡಿ."

ಆ ಸಂಜೆ ಬಸ್ಸಿನಲ್ಲಿ ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಮಾರನೆಯ ಬೆಳಿಗ್ಗೆ ಮೇಲ್ವಿಚಾರಕ ಕರೆಸಿದ. ನಮ್ಮ ಕರೆಗಳನ್ನೆಲ್ಲ ಕದ್ದು ಕೇಳುವುದೇ ಅವನ ಕೆಲಸ, ಹಾಗಾಗಿ ಅವನಿಗೆ ನಾವಿಟ್ಟ ಹೆಸರು ಕಿವಿ. ಕೆಟ್ಟವನಲ್ಲ. ಕೆಲಸದಿಂದ ತೆಗೆಯುತ್ತಾನೆ ಅಂದುಕೊಂಡಿದ್ದೆ, ನೀರಿನ ಲೋಟ ಮುಂದೆ ತಳ್ಳಿದ.

"ನೀನು ಕೇಳಿದ್ದು ಒಬ್ಬ ಮನುಷ್ಯನ ವಿಷಯ ಕಣಮ್ಮ," ಎಂದ. "ಮಂತ್ರಿ ಕಡೆಯೋರಿಗೆ ಬೇಕಿರೋದು ಅದಲ್ಲ."

ಆ ಕರೆಗಳೆಲ್ಲ ರದ್ದು. ಅದೇ ಜನರಿಗೆ ಮತ್ತೆ ಫೋನ್ ಮಾಡಿ, ಒಂದಕ್ಷರ ಆಚೀಚೆಯಾಗದಂತೆ ಪರದೆಯಲ್ಲಿದ್ದದ್ದನ್ನೇ ಓದಬೇಕು ಎಂದು ಹೇಳಿ, ತಾನೂ ಹೆಡ್‌ಫೋನ್ ಹಾಕಿಕೊಂಡು ಪಕ್ಕದಲ್ಲೇ ಕೂತ.

ಅಂಗಡಿಯವಳಿಗೆ ನನ್ನ ದನಿ ಗುರುತು ಸಿಕ್ಕಿತು. ಆ ವ್ಯಾನ್ ಹುಡುಗನನ್ನು ಬಿಟ್ಟರಾ ಎಂದು ಅವಳೇ ಮೊದಲು ಕೇಳಿದಳು. ಕಿವಿ ನನ್ನನ್ನೇ ನೋಡುತ್ತಿದ್ದ. ಪ್ರಶ್ನೆ ಓದಿದೆ.

"ಅಯ್ಯೋ, ಅಂಥೋರನ್ನ ಬಿಡೋದಾ? ನೇಣಿಗೆ ಹಾಕ್ಬೇಕು ತಾಯಿ," ಎಂದಳು.

ಆ ವ್ಯಾನ್ ಹುಡುಗನೂ ಅಂಥವರಲ್ಲೇ ಒಬ್ಬ ಎಂದು ಕಿರುಚಬೇಕು ಅನಿಸಿತು. ‘ಇಲ್ಲ’ ಒತ್ತಿದೆ. ಆಮೇಲಿನವರೂ ಅಷ್ಟೇ, ನಿನ್ನೆ ಮನಸ್ಸು ಕರಗಿದವರು ಇಂದು ಒಬ್ಬರಾದ ಮೇಲೊಬ್ಬರು ಹಲ್ಲು ಕಡಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿನ್ನೆಯೂ ಹೇಳಿರಲಿಲ್ಲ.

ವಾರ ಕಳೆಯಿತು. ಸಂಜೆ ನಾನು ಮನೆಗೆ ಬಂದಾಗ ಮಂತ್ರಿ ಟಿವಿಯಲ್ಲಿ ನಮ್ಮ ಆಫೀಸಿನ ವರದಿ ಎತ್ತಿ ತೋರಿಸುತ್ತಿದ್ದ. ಜನ ತೀರ್ಪು ಕೊಟ್ಟಿದ್ದಾರೆ, ಇನ್ನು ಮೇಲೆ ಅವಧಿಗೆ ಮುಂಚೆ ಯಾರನ್ನೂ ಬಿಡುವುದಿಲ್ಲ ಎಂದ. ಅವನ ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ನಾನು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತಿದ್ದೆ. ಅಮ್ಮ ದಿಂಬಿಗೆ ಹೊಸ ಕವರು ಹಾಕುತ್ತಾ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಮಾಧಾನವಿತ್ತು.

"ಯಾಕೆ ಹಾಗೆ ನಿಂತಿದ್ದೀಯ? ಅದು ಆ ಪಾಪಿಗಳಿಗೆ ಹೇಳಿದ್ದು," ಎಂದಳು. "ನನಗೂ ನಿಮ್ಮ ಆಫೀಸಿಂದ ಫೋನ್ ಬಂದಿತ್ತು, ಯಾರೋ ಬೇರೆ ಹುಡುಗಿ. ಬಿಡಲೇಬೇಡಿ ಅಂದೆ. ಅಂಥೋರನ್ನ ತಡೆದ್ರೆ ತಾನೆ ನಮ್ಮೋನಂಥ ಹುಡುಗರಿಗೆ ದಾರಿ ಆಗೋದು?"

ಅಮ್ಮ ದಿಂಬನ್ನು ತಟ್ಟಿ ಸರಿಮಾಡಿದಳು. ಆಮೇಲೆ, ಬಿಡುಗಡೆಯ ದಿನ ಅಣ್ಣನನ್ನು ಕರೆದುಕೊಂಡು ಬರಲು ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಟರೆ ಸರಿಹೋಗುತ್ತದೆ ಎಂದು ಕೇಳಿದಳು.