ಕೊಟ್ಟಿಗೆಯಿಂದ ಕೊಟ್ಟಿಗೆಗೆ

ಲಗಮಪ್ಪನ ಜರ್ಸಿ ಆಕಳ ಕರು ಹುಟ್ಟಿ ಒಂಬತ್ತು ದಿನವಾಗಿತ್ತು. ಆ ಸೋಮವಾರ ಬೆಳಿಗ್ಗೆ ಅದು ಎದ್ದು ನಿಲ್ಲಲಿಲ್ಲ. ಬಾಲ, ಹಿಂಗಾಲು ಎಲ್ಲ ಹಳದಿ ನೀರಿನಂಥ ಭೇದಿಯಲ್ಲಿ ನೆನೆದಿದ್ದವು. ಕಣ್ಣು ಗುಳಿ ಬಿದ್ದಿದ್ದವು. ಲಗಮಪ್ಪ ಔಷಧದ ಅಂಗಡಿಯಿಂದ ಗುಳಿಗೆ ತಂದು ನುಂಗಿಸಿ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ಆಮ್ರಪಾಲಿಗೆ ಫೋನ್ ಮಾಡಿದ.

ಆಮ್ರಪಾಲಿ ಪಶುಸಖಿ. ಗಂಡ ತೀರಿಕೊಂಡ ಮೇಲೆ ಕುಲಗೋಡದ ಆಚೆಗಿನ ತವರಿಗೆ ಬಂದವಳು, ಮಹಿಳಾ ಸಂಘದಿಂದ ಆಯ್ಕೆಯಾಗಿ ಗೋಕಾಕದಲ್ಲಿ ತರಬೇತಿ ಪಡೆದಿದ್ದಳು. ಹಳ್ಳದ ದಂಡೆಯ ಹದಿನಾಲ್ಕು ತೋಟದ ಮನೆಗಳು ಅವಳ ಪಾಲಿಗೆ ಬಂದಿದ್ದವು. ದನಕ್ಕೆ ಜಂತಿನ ಔಷಧ ಕುಡಿಸುವುದು, ಗಾಯ ತೊಳೆಯುವುದು, ದೊಡ್ಡ ರೋಗವಾದರೆ ಮೂಡಲಗಿಯ ಡಾಕ್ಟರಿಗೆ ತಿಳಿಸುವುದು ಅವಳ ಕೆಲಸ. ಎರಡು ವರ್ಷದಲ್ಲಿ ಹನ್ನೊಂದು ಮನೆಯವರು ಅವಳನ್ನು ಕೊಟ್ಟಿಗೆಯೊಳಗೆ ಬಿಟ್ಟುಕೊಂಡಿದ್ದರು. ಉಳಿದ ಮೂರು ಮನೆಗಳಲ್ಲಿ ಅವಳು ಅಂಗಳದಲ್ಲಿ ನಿಲ್ಲಬೇಕು, ದನವನ್ನೇ ಹೊರಗೆ ಹಿಡಿದು ತರುತ್ತಿದ್ದರು. ಅವಳದು ಬೌದ್ಧರ ಓಣಿಯ ಮನೆ ಎಂಬ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಲಗಮಪ್ಪನದು ಆ ಮೂರು ಮನೆಗಳಲ್ಲೊಂದು.

ಆದರೆ ಅವತ್ತು ಕರುವಿಗೆ ಹೊರಗೆ ಬರುವ ಶಕ್ತಿ ಇರಲಿಲ್ಲ. "ಒಳಗ ಬಾ," ಅಂದ ಲಗಮಪ್ಪ. ಅವಳು ಮೊದಲ ಸಲ ಆ ಕೊಟ್ಟಿಗೆಯ ಹೊಸ್ತಿಲು ದಾಟಿದಳು.

ಒಂದು ತಾಸು ಅವಳು ಆ ಹಸಿ ನೆಲದಲ್ಲಿ ಮಂಡಿಯೂರಿ ಕೂತು, ಸಕ್ಕರೆ, ಉಪ್ಪು, ಸೋಡಾ ಕಲಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಕರುವಿನ ಬಾಯಿ ತಣ್ಣಗಾಗಿತ್ತು. ಹೊರಗೆ ಬಂದು ಪೈಪಿನ ನೀರಿನಲ್ಲಿ ಕೈ ತೊಳೆದುಕೊಂಡು, ಚಪ್ಪಲಿಗೆ ಹತ್ತಿದ್ದನ್ನು ಹುಲ್ಲಿಗೆ ಒರೆಸಿ ಮುಂದಿನ ಮನೆಗೆ ನಡೆದಳು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಮುಂದಿನ ಮನೆ ಸತ್ತೆವ್ವನದು. ಅರವತ್ತು ದಾಟಿದ ಸತ್ತೆವ್ವ ಎರಡು ಎಮ್ಮೆ ಕಟ್ಟಿಕೊಂಡಿದ್ದಳು. ಆಮ್ರಪಾಲಿಯನ್ನು ಎಲ್ಲರಿಗಿಂತ ಮೊದಲು ಒಳಗೆ ಕರೆದವಳು ಅವಳೇ. ಮೂರು ಸಲ ಕೋಣಗರು ಹಾಕಿದ್ದ ಎಮ್ಮೆ ಅಂದು ಬೆಳಕು ಹರಿಯುವಾಗ ಹೆಣ್ಣುಗರು ಹಾಕಿತ್ತು.

"ನೋಡ ತಂಗಿ, ಕಡೀಕೂ ಹೆಣ್ಣ ಬಂತು," ಎಂದು ಸತ್ತೆವ್ವ ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು.

"ಗಿಣ್ಣದ ಹಾಲು ಕುಡಿಸೀರೇನ್ರಿ ಅವ್ವಾರ?"

"ಎಮ್ಮೀದು ಇನ್ನೂ ಕಸ ಬಿದ್ದಿಲ್ಲ, ಮಾಸಚೀಲ ಒಳಗ ಐತಿ. ಬಿದ್ದ ಮ್ಯಾಲ ಬಿಡೂದು."

"ಹಂಗ ಕಾಯಬ್ಯಾಡ್ರಿ. ಕರಕ್ಕ ರೋಗ ತಡಿಯೂ ಶಕ್ತಿ ಬರೂದ ಅದರಿಂದ. ಈಗ ಬಿಡ್ರಿ."

ಸತ್ತೆವ್ವ ಒಪ್ಪಿದಳು. ಕರುವಿಗೆ ಇನ್ನೂ ಚೀಪಲು ತಿಳಿಯುತ್ತಿರಲಿಲ್ಲ. ಆಮ್ರಪಾಲಿ ತನ್ನ ಎರಡು ಬೆರಳು ಅದರ ಬಾಯಿಗಿಟ್ಟು ಚೀಪುವುದನ್ನು ಕಲಿಸಿ, ಹಾಗೇ ಕೆಚ್ಚಲಿಗೆ ಹಚ್ಚಿದಳು. ಕರು ಬಾಲ ಅಲ್ಲಾಡಿಸುತ್ತ ಕುಡಿಯತೊಡಗಿತು. ಸತ್ತೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.

ಲಗಮಪ್ಪನ ಕರು ಬುಧವಾರ ಸತ್ತಿತು. ಗುರುವಾರ ಸತ್ತೆವ್ವನ ಕರು ಭೇದಿ ಮಾಡಿಕೊಂಡಿತು. ಶನಿವಾರ ಅವಳ ಆಚೆ ಮನೆಯ ಉದ್ದಪ್ಪನ ಎರಡು ಕರು, ಅದರ ಮರುದಿನ ಹಳ್ಳದ ಮೇಲಿನ ಮನೆಯದು. ಎರಡನೇ ವಾರ ಮುಗಿಯುವುದರೊಳಗೆ ಏಳು ಕರು ಮಲಗಿ, ನಾಲ್ಕು ಸತ್ತಿದ್ದವು. ಆಮ್ರಪಾಲಿ ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಮನೆಯಿಂದ ಮನೆಗೆ ಓಡಾಡಿದಳು. ಸತ್ತೆವ್ವನ ಕರುವೊಂದು ನಡುವೆ ಚೇತರಿಸಿ, ವಾರದ ಕೊನೆಗೆ ಮತ್ತೆ ಮಲಗಿ, ಹಟ ಹಿಡಿದಂತೆ ಬದುಕಿತ್ತು. ಎರಡು ತಾಸಿಗೊಮ್ಮೆ ಆಮ್ರಪಾಲಿಯೇ ಹೋಗಿ ನೀರು ಕುಡಿಸುತ್ತಿದ್ದಳು.

ಸೋಮವಾರ ಅವಳು ಮೂರು ಡಬ್ಬಿಯಲ್ಲಿ ಸಗಣಿ ತುಂಬಿಕೊಂಡು ಮೂಡಲಗಿಗೆ ಹೋದಳು. ಡಾಕ್ಟರ್ ತೌಫೀಕ ಹುಕ್ಕೇರಿ ಕಡೆಯವರು, ಮೆತ್ತಗೆ ಮಾತಾಡುವ ಮನುಷ್ಯ. ಸಗಣಿಯನ್ನು ನೀರಲ್ಲಿ ಕದಡಿ ಪರೀಕ್ಷೆಯ ಪಟ್ಟಿಯ ಮೇಲೆ ಹನಿ ಹಾಕಿದರು. ಸ್ವಲ್ಪ ಹೊತ್ತಿಗೆ ಎರಡು ಗೆರೆ ಮೂಡಿದವು. ಮೂರು ಡಬ್ಬಿಗೂ ಹಾಗೆಯೇ.

"ಇದು ವೈರಸ್ ಆಮ್ರಪಾಲಿಯವರ. ರೋಟಾ ಅಂತಾರ," ಅಂದರು. "ಸಣ್ಣ ಕರುಳಿನೊಳಗ ಟಾವೆಲ್ ಮ್ಯಾಲ ಇದ್ದಂಗ ಸಣ್ಣ ಸಣ್ಣ ಎಳಿ ಇರ್ತಾವು. ಹಾಲು ಅರಗಿಸಿ ಒಳಗ ಎಳಕೊಳ್ಳೂವು ಅವ. ಈ ವೈರಸ್ ಅವುಗಳ ತುದೀನ ತಿಂದಬಿಡತೈತಿ. ಆಮ್ಯಾಲ ಕುಡದ ಹಾಲು ಅರಗೂದಿಲ್ಲ, ಮೈಯಾಗಿನ ನೀರೂ ಎಳಕೊಂಡು ಕೆಳಗ ಹೋಗತೈತಿ. ಕರ ಸಾಯೂದು ನೀರಿಲ್ಲದ."

"ಔಷಧ ಏನ್ರಿ ಸರ್?"

"ವೈರಸ್ ಕೊಲ್ಲೂ ಔಷಧ ಇಲ್ರಿ. ಎಳಿ ಮತ್ತ ಬೆಳೀತಾವು, ಅದಕ್ಕ ನಾಕೈದು ದಿನ ಬೇಕು. ಅಲ್ಲೀತನಾ ನೀರು, ಉಪ್ಪು ಕೊಟ್ಟು ಕರಾನ ಹಿಡಕೊಂಡಿರಬೇಕು. ನೀವು ಮಾಡಾಕತ್ತಿದ್ದು ಬರೋಬರಿ ಐತಿ."

ಹೀಗಂದು ಅವರು ಒಂದು ಹಾಳೆ ಮುಂದಿಟ್ಟರು. "ಯಾವ ಮನ್ಯಾಗ ಯಾವತ್ತ ಸುರು ಆತು, ಬರೀರಿ. ಹೆಂಗ ಹಬ್ಬಾಕತ್ತೈತಿ ಗೊತ್ತಾಗ್ಲಿ. ದೊಡ್ಡ ದನಕ್ಕ ಏನೂ ಆಗೂದಿಲ್ಲ, ಆದ್ರ ಸಗಣಿಯೊಳಗ ವೈರಸ್ ಬಿಡತಾವು. ಹಸಿ ನೆಲದಾಗ ತಿಂಗಳಗಟ್ಟಲೆ ಇರತೈತಿ ಇದು. ಒಂದ ಚಿಮಟಿ ಸಾಕು, ಕೈಗೆ ಹತ್ತಲಿ, ಕಾಲಿಗೆ ಹತ್ತಲಿ."

ಆಮ್ರಪಾಲಿ ಬರೆಯತೊಡಗಿದಳು. ಲಗಮಪ್ಪ, ಸತ್ತೆವ್ವ, ಉದ್ದಪ್ಪ. ನಾಲ್ಕನೇ ಹೆಸರಿಗೆ ಬಂದಾಗ ಅವಳ ಪೆನ್ನು ನಿಂತಿತು. ಅದು ಅವಳು ನಡೆದ ದಾರಿ. ಅವಳು ಹೋದ ಎರಡು ಮೂರು ದಿನಕ್ಕೆ ಆಯಾ ಮನೆಯ ಕರು ಮಲಗಿತ್ತು. ಅವಳು ಕಾಲಿಡದ ಎರಡು ಮನೆಗಳಲ್ಲಿ ಎಳೆಗರುಗಳು ಇನ್ನೂ ಕುಣಿಯುತ್ತಿದ್ದವು.

ತನ್ನ ಎರಡು ಬೆರಳನ್ನು ನೋಡಿಕೊಂಡಳು. "ಬೇನಿ ನಾನ ಮನಿ ಮನಿಗೆ ಒಯ್ದೇನ್ರಿ ಸರ್," ಅಂದಳು.

ತೌಫೀಕ ಹಾಳೆ ತೆಗೆದುಕೊಂಡು ತಾರೀಖುಗಳ ಮೇಲೆ ಬೆರಳಾಡಿಸಿದರು. "ಇರಬಹುದು," ಅಂದರು. "ಹೊಸದಾಗಿ ಕೆಲಸಕ್ಕ ಸೇರಿದಾಗ ಕಣಗಲಾ ಊರಾಗ ನಾನೂ ಹಿಂಗ ಮಾಡೀನಿ, ಬೂಟು ತೊಳೀದ. ನಿಮಗ ಯಾರೂ ಹೇಳಿಲ್ಲ, ಅದು ನಿಮ್ಮ ತಪ್ಪಲ್ಲ. ಈಗ ಬ್ಲೀಚಿಂಗ್ ಪೌಡರ್ ಹಾಕಿ ನೆಲ ತೊಳಸ್ರಿ. ಒಬ್ಬರ ಶೆಡ್ಡಿನ್ಯಾಗ ಇನ್ನೊಬ್ರು ಹೋಗೂದ ಬ್ಯಾಡ."

ಜನಕ್ಕೆ ಹಾಗೆ ಹೇಳಬೇಕಾದರೆ ಯಾಕೆ ಎಂದೂ ಹೇಳಬೇಕು. ವಾಪಸು ಬರುವ ಬಸ್ಸಿನಲ್ಲಿ ಅವಳು ಅದನ್ನೇ ಯೋಚಿಸುತ್ತ ಕೂತಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬೇನೆ ನಿಲ್ಲುವುದಿಲ್ಲ. ಹೇಳಿದರೆ ಜನ ಯಾವ ಮಾತನ್ನು ಹಿಡಿದುಕೊಳ್ಳುತ್ತಾರೆ ಎನ್ನುವುದೂ ಅವಳಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಹಾಲಿನ ಗಾಡಿ ಬರುವ ಕಟ್ಟೆಯ ಹತ್ತಿರ ಎಲ್ಲರೂ ಸೇರಿದ್ದಾಗ ಅವಳು ಹೇಳಿದಳು. ವೈರಸ್ಸಿನ ವಿಷಯ, ಕರುಳಿನ ವಿಷಯ, ಬ್ಲೀಚಿಂಗ್ ಪೌಡರಿನ ವಿಷಯ. "ನನ್ನ ಕೈಯಿಂದ, ಚಪ್ಪಲಿಯಿಂದ ಹಬ್ಬೇತಿ ಅಂತ ಕಾಣತೈತ್ರಿ. ಯಾರ ಕಾಲಿನಿಂದ ಬೇಕಾದ್ರೂ ಹಬ್ಬತೈತಿ. ಎಲ್ಲಾರೂ ಕಾಲು ತೊಳಕೊಂಡ..."

ಅವಳ ಮಾತು ಮುಗಿಯಲಿಲ್ಲ.

"ನಮ್ಮವ್ವ ಮೊದಲ ಅಂದಿದ್ಲು," ಅಂದ ಲಗಮಪ್ಪ, ಅವಳ ಕಡೆ ನೋಡದೆ. "ಅಕಿನ್ನ ಒಳಗ ಬಿಟ್ಕೋಬ್ಯಾಡ ಅಂತ. ನಾ ಕೇಳಲಿಲ್ಲ."

"ಅಣ್ಣಾರ, ಬೇನಿ ನಿಮ್ಮ ಶೆಡ್ಡಿನಿಂದ ಸುರು ಆಗಿದ್ದು. ನಾ ಬರೂಕಿಂತ ಮೊದಲ..."

"ಅಂದ್ರ ತಪ್ಪು ನಂದೇನ?"

ಹಾಲಿನ ಕ್ಯಾನುಗಳನ್ನು ಎತ್ತಿಕೊಂಡು ಒಬ್ಬೊಬ್ಬರಾಗಿ ಹೊರಟರು. ಅವಳು ತಂದಿಟ್ಟಿದ್ದ ಬ್ಲೀಚಿಂಗ್ ಪೌಡರಿನ ಚೀಲ ಕಟ್ಟೆಯ ಮೇಲೆಯೇ ಉಳಿಯಿತು. ಆ ಮಧ್ಯಾಹ್ನ ಹದಿನಾಲ್ಕೂ ಮನೆಗಳಲ್ಲಿ ಗೋಮೂತ್ರ ಚಿಮುಕಿಸಿದರು. ಚಿಮುಕಿಸಿದವರು ಅದೇ ಚಪ್ಪಲಿಯಲ್ಲಿ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋದರು.

ನೀರು ಕುಡಿಸುವ ಹೊತ್ತಿಗೆ ಆಮ್ರಪಾಲಿ ಕಾಲು ತೊಳೆದುಕೊಂಡು ಸತ್ತೆವ್ವನ ಮನೆಗೆ ಹೋದಳು. ಸತ್ತೆವ್ವ ಅಂಗಳದ ಬಾಯಿಯಲ್ಲೇ ಅಡ್ಡ ನಿಂತಿದ್ದಳು. ಕಣ್ಣು ಕೆಂಪಾಗಿದ್ದವು.

"ಬರಬ್ಯಾಡ ತಂಗಿ."

"ಇನ್ನ ಎರಡ ದಿನ್ರಿ ಅವ್ವಾರ. ಎರಡ ದಿನ ಹಿಡಕೊಂಡ್ರ ಉಳೀತೈತಿ."

"ನನಗ ಗೊತ್ತೈತಿ ನಿನ್ನ ಮನಸು. ಆದ್ರ ನಾ ಇವರ ನಡುವ ಇರಬೇಕು. ನಾಳೆ ನಾ ಬಿದ್ರ ಎತ್ತಾವ್ರು ಇವರ. ಏನ ಮಾಡ್ಲಿ?"

ಆಮ್ರಪಾಲಿ ದಾರಿಯಲ್ಲೇ ನಿಂತು ನೀರು ಕಲಸುವುದನ್ನು ಹೇಳಿಕೊಟ್ಟಳು. ಎಷ್ಟು ಸಕ್ಕರೆ, ಎಷ್ಟು ಉಪ್ಪು, ತಲೆ ಹೇಗೆ ಹಿಡಿಯಬೇಕು, ಮೂಗಿಗೆ ಹೋಗದಂತೆ ಹೇಗೆ ಕುಡಿಸಬೇಕು. ಸತ್ತೆವ್ವ ತಲೆಯಾಡಿಸಿದಳು. ಒಳಗಿನಿಂದ ಕರು ಒಮ್ಮೆ ಸಣ್ಣಗೆ ಕೂಗಿತು. ತಾಯಿ ಎಮ್ಮೆ ಹಗ್ಗ ಜಗ್ಗಿತು.

ಮಾರನೆಯ ದಿನ ಮಧ್ಯಾಹ್ನದವರೆಗೆ ಕರು ಜೀವ ಹಿಡಿದಿತ್ತು.

ಸತ್ತ ಕರುಗಳನ್ನು ಹಳ್ಳದ ಪೊದೆಗೆ ಎಸೆಯುತ್ತಿದ್ದರು. ಸತ್ತೆವ್ವನ ಕರು ಎಸೆದ ಮೂರನೆಯ ದಿನಕ್ಕೆ ನಾತ ತಡೆಯಲಾಗದಷ್ಟಾಯಿತು. ಆಗ ಉದ್ದಪ್ಪ ಬೌದ್ಧರ ಓಣಿಗೆ ಬಂದು, ಬೈಕಿನಿಂದ ಇಳಿಯದೆ, ಆಮ್ರಪಾಲಿಯ ತಂದೆ ಮಾಯಪ್ಪನನ್ನು ಕರೆದ. "ಹಳ್ಳದಾಗ ಐದು ಕರ ಬಿದ್ದಾವು. ತಗದ ಬಿಡ್ರಿ."

ಮಾಯಪ್ಪನಿಗೆ ಎಪ್ಪತ್ತರ ಹತ್ತಿರ. ಸತ್ತ ದನ ಎಳೆಯುವುದನ್ನು ಅವನ ತಂದೆ ಮಾಡಿದ್ದ, ಹರೆಯದಲ್ಲಿ ಅವನೂ ಮಾಡಿದ್ದ. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ, ಇನ್ನು ಮುಟ್ಟುವುದಿಲ್ಲ ಎಂದು ಇಡೀ ಓಣಿಯ ಜೊತೆ ನಿಂತು ಹೇಳಿದ್ದ. ಆಮೇಲೆ ನಲವತ್ತು ವರ್ಷ ಯಾರೂ ಅವನನ್ನು ಆ ಕೆಲಸಕ್ಕೆ ಕರೆದಿರಲಿಲ್ಲ.

"ಆಗೂದಿಲ್ಲ," ಅಂದ ಮಾಯಪ್ಪ. ಬೈಕು ಹೋಯಿತು.

ಆಮ್ರಪಾಲಿ ಒಳಗೆ ಕೂತು ಕೇಳಿಸಿಕೊಂಡಿದ್ದಳು. ಆ ಹಳ್ಳದ ನೀರು ಕೆಳಗಿನ ಎರಡು ಮನೆಯ ದನ ನೀರು ಕುಡಿಯುವ ಕಲ್ಲುದೋಣಿಗೆ ಹೋಗುತ್ತದೆ, ಎಳೆಗರುಗಳು ಇನ್ನೂ ಕುಣಿಯುತ್ತಿದ್ದ ಆ ಮನೆಗಳಿಗೆ. ಅವಳು ಸನಿಕೆ ತೆಗೆದುಕೊಂಡಳು.

"ಅಪ್ಪಾ, ನಾ ಅವರು ಹೇಳ್ಯಾರಂತ ಹೊಂಟಿಲ್ಲ."

"ನಿನಗ ಗೊತ್ತು, ನನಗ ಗೊತ್ತು," ಅಂದ ಮಾಯಪ್ಪ. "ನೋಡಾವ್ರಿಗೆ?"

ಅವಳು ಸನಿಕೆ ಹೆಗಲಿಗೇರಿಸಿ ಹೊರಟಳು. ಒಬ್ಬಳೇ ಹಳ್ಳದ ದಂಡೆಯಲ್ಲಿ ಎದೆಯುದ್ದ ಗುಂಡಿ ತೋಡಿದಳು. ಕರುಗಳ ಕಾಲು ಹಿಡಿದು ಒಂದೊಂದನ್ನೇ ಎಳೆದು ತಂದು ಹಾಕಿ, ಸುಣ್ಣ ಸುರುವಿ ಮಣ್ಣು ಮುಚ್ಚಿದಳು. ಸತ್ತೆವ್ವನ ಹೆಣ್ಣುಗರು ಎಲ್ಲಕ್ಕಿಂತ ಹಗುರವಾಗಿತ್ತು. ಮೇಲಿನ ಬದುವಿನಲ್ಲಿ ನಾಲ್ಕಾರು ಜನ ನಿಂತು ನೋಡಿದರು. ಯಾರೋ ಏನೋ ಅಂದರು, ಇನ್ಯಾರೋ ನಕ್ಕರು. ಅವರ ನಡುವೆ ನಿಂತಿದ್ದ ಸತ್ತೆವ್ವ ತಲೆ ತಗ್ಗಿಸಿ ತನ್ನ ಮನೆಯ ಕಡೆ ಹೋದಳು.

ಮರುವಾರ ಲಗಮಪ್ಪನ ಇನ್ನೊಂದು ಆಕಳು ಕರು ಹಾಕಿತು. ಮೊದಲಿನ ಕರುವನ್ನು ಕಟ್ಟಿದ್ದ ಮೂಲೆಯಲ್ಲೇ ಇದನ್ನೂ ಕಟ್ಟಿದ್ದಾರೆ ಎಂದು ಕಬ್ಬಿನ ಟ್ರ್ಯಾಕ್ಟರಿನವನು ಹೇಳಿದ. ಆಮ್ರಪಾಲಿ ಡಾಕ್ಟರಿಗೆ ಫೋನ್ ಮಾಡಿದಳು. ತೌಫೀಕ ಬಂದು ಲಗಮಪ್ಪನಿಗೆ ತಿಳಿಹೇಳಿದರು. ಅವನು ಕೈಮುಗಿದು ಹೂಂ ಅಂದ. ಹೋಗುವಾಗ ಅವರು ಅವಳ ಮನೆಯ ಮುಂದೆ ಗಾಡಿ ನಿಲ್ಲಿಸಿದರು. "ಜಾಗಾ ಬದಲಿ ಮಾಡ್ತೀನಿ ಅಂದಾನ್ರಿ. ಮಾಡತಾನೋ ಇಲ್ಲೋ ಗೊತ್ತಿಲ್ಲ."

ಕರು ಹುಟ್ಟಿದ ಎಂಟನೆಯ ದಿನ ಬೆಳಿಗ್ಗೆ ಬೈಕೊಂದು ಓಣಿಯೊಳಗೆ ಬಂದು ನಿಂತಿತು. ಇಂಜಿನ್ ಬಂದ್ ಮಾಡಲಿಲ್ಲ. "ಮಾಯಪ್ಪಾ," ಅಂದ ಲಗಮಪ್ಪ, "ಮಗಳನ್ನ ಕಳಸು. ಒಂದ ಕರ ಸತ್ತ ಬಿದ್ದೈತಿ."

ಮಾಯಪ್ಪ ಗೋಡೆಯ ಕಡೆ ಮುಖ ಮಾಡಿ ಕೂತ. ಆಮ್ರಪಾಲಿ ಸುಣ್ಣದ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಕೈ ಹಾಕಿ ನೋಡಿದಳು.