ಉಪ್ಪು ಕುಡಿಯುವ ಗೋಧಿ

ನಯನಾ ಉಪ್ಪುನೀರು ಹಾಕಿ ಬೆಳೆಸಿದ ನೂರಾರು ಗೋಧಿ ಸಸಿಗಳಲ್ಲಿ ಉಳಿದದ್ದು ಒಂದೇ ಒಂದು. ಉಪ್ಪನ್ನು ಬೇರಿನಲ್ಲೇ ತಡೆದು ಎಲೆಗೆ ಬಿಡದಂಥ ವಂಶವಾಹಿಯನ್ನು ಅವಳೇ ಅದಕ್ಕೆ ತಳಿಸಂಕರದಿಂದ ತಂದಿದ್ದಳು. ಎಲೆ ಪರೀಕ್ಷಿಸಿದಳು, ಉಪ್ಪಿಲ್ಲ. ಬೇರಿನಲ್ಲೂ ಇಲ್ಲ. ಕುಂಡದ ಮಣ್ಣು ಕೂಡ ಸಪ್ಪೆ. ಇಷ್ಟು ದಿನ ಸುರಿದದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ತೆನೆ ಬಲಿತು ಕಾಳು ಕೈಗೆ ಬಂದರೆ ತಳಿ ಉಳಿಯುತ್ತದೆ. ಇಲ್ಲವಾದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು.

ಹೋಳಿ ಮುಗಿದು ನಾಗಪುರ ಕಾಯತೊಡಗಿದಾಗ ಗಾಜುಮನೆಯ ಕೂಲರ್ ಕೆಟ್ಟಿತು. ಕುಂಡವನ್ನು ಮನೀಶ್ ನಗರದ ತನ್ನ ಫ್ಲ್ಯಾಟಿಗೆ ತಂದು ಅವ್ವನ ಮಂಚದ ತಲೆದೆಸೆಗೆ, ಕೂಲರಿನ ಗಾಳಿ ತಾಗುವಲ್ಲಿ ಇಟ್ಟಳು. ಇನ್ನು ಕಾಳು ಕಟ್ಟುವ ಕಾಲ, ಸಿಹಿನೀರು ಸಾಕು ಎಂದುಕೊಂಡಳು.

ಸಂಜೆ ಗಿಡ ಜೋತುಬಿತ್ತು. ಬೆಳಿಗ್ಗೆ ನೋಡಿದರೆ ಸೆಟೆದು ನಿಂತಿತ್ತು.

"ನಿನ್ನ ಗೋಧಿ ಚಲೋ ಐತಿ," ಎಂದಳು ಅವ್ವ ಗೌರಮ್ಮ. "ಉಪ್ಪಿನಕಾಯೇ ಬರೋಬರ್ ಇಲ್ಲ. ಬರೇ ಖಾರ. ಉಪ್ಪ ಹಾಕೂದು ಮರತಿಯೇನ?"

ಮರೆತಿರಲಿಲ್ಲ. ಭರಣಿ ಗಿಡದ ಪಕ್ಕದ ಕಿಟಕಿಯಲ್ಲೇ ಇತ್ತು. ನಯನಾ ಒಂದು ಹೋಳು ಬಾಯಿಗಿಟ್ಟು, ಉಗುಳಿದಳು.

ವಾರದೊಳಗೆ ಅವ್ವನ ಮೀನಖಂಡ ಸೆಟೆದುಕೊಂಡಿತು, ಮಾತು ತಡವರಿಸಿತು. ರಕ್ತದಲ್ಲಿ ಉಪ್ಪಿನಂಶ ಇಳಿದಿದೆ ಎಂದು ಆಸ್ಪತ್ರೆಯಲ್ಲಿ ಸಲೈನ್ ಏರಿಸಿದರು. ಅವ್ವ ಎದ್ದು ಕೂತು ನರ್ಸುಗಳ ಜೊತೆ ಹರಟೆ ಹೊಡೆದಳು. ಮನೆಗೆ ಬಂದು ಅದೇ ಮಂಚದಲ್ಲಿ ಮಲಗಿದವಳು ಮರುದಿನ ಮಗಳ ಹೆಸರನ್ನೇ ಮರೆತಿದ್ದಳು. ನಯನಾ ಅವಳ ಹಣೆಯ ಬೆವರು ಒರೆಸಿ ಬೆರಳನ್ನು ನಾಲಿಗೆಗೆ ತಾಗಿಸಿದಳು. ಗಾಜುಮನೆಯಲ್ಲಿ ಎಲೆ ನೆಕ್ಕಿ ನೋಡುವವರಿಗೆ ಅಂಟುವ ಚಾಳಿ. ಬರೀ ನೀರು. ತೆನೆ ಬಿಸಿಲಿಗೆ ಬೆನ್ನು ಕೊಟ್ಟು ಮಂಚದ ಕಡೆ ಬಾಗಿತ್ತು.

ಕಿತ್ತೆಸೆಯಲು ಕಾಂಡ ಹಿಡಿದಳು. ಕಾಳನ್ನು ಉಗುರಿನಿಂದ ಒತ್ತಿದರೆ ಇನ್ನೂ ಹಾಲು. ಇನ್ನು ಕೆಲವೇ ದಿನ ಸಾಕಿತ್ತು. ಕೈ ಸಡಿಲಾಯಿತು.

ಕುಂಡ ಎತ್ತಿಕೊಂಡು ಎದುರುಮನೆಯ ಬಾಗಿಲು ತಟ್ಟಿದಳು. ಯಾರು ಊರಿಗೆ ಹೋದರೂ ತುಳಸಿಗೆ ನೀರು ಹಾಕಲು ಕೀಲಿ ಕೊಟ್ಟು ಹೋಗುವುದು ಈ ಮನೆಯ ಪ್ರೇಕ್ಷಾಳಿಗೇ. ಒಲೆಯ ಮುಂದಿನಿಂದ ಬೆವರೊರೆಸುತ್ತ ಬಂದ ಅವಳು ಏನೂ ಕೇಳದೆ ಕೈ ಚಾಚಿದಳು.

"ಟೆನ್ಶನ್ ನಕೋ, ಅಕ್ಕಾ. ಇಂಥಾ ಗಂಡನ್ನ ಸಂಭಾಳಿಸೀನಿ, ಗೋಧಿ ಯಾವ ಲೆಕ್ಕ?"

ಕುಂಡವನ್ನು ಸೊಂಟಕ್ಕೆ ಏರಿಸಿಕೊಂಡಳು. ಗಾಳಿ ಇರಲಿಲ್ಲ. ತೆನೆ ನಿಧಾನವಾಗಿ ಅವಳ ಕೊರಳತ್ತ ಹೊರಳಿತು.

"ಇದನ್ನ ಎಲ್ಲಿ ಇಡಲಿ, ಅಕ್ಕಾ?"

ನಯನಾ ಒಂದು ಹೆಜ್ಜೆ ಹಿಂದೆ ಸರಿದಳು.

"ನಿಮಗ ಎಲ್ಲಿ ತಂಪ ಅನಸ್ತದೋ ಅಲ್ಲಿ," ಎಂದಳು.