ಗಂಟೆ ಕೊಟ್ಟವನ ಮಗಳು

ನಮ್ಮ ಜಾಲ್ಹೋಟಾ ಊರಿನಲ್ಲಿ ಯಾರೇ ಸತ್ತರೂ ಸಾವಿನ ಗಂಟೆ ಬಾರಿಸುವುದು ನಾನೇ. ಗಂಟೆ ಅಂದೆನಲ್ಲ, ಅದು ಸುಳ್ಳು. ಇಗರ್ಜಿಯ ಗೋಪುರದಲ್ಲಿ ನೇತಾಡುತ್ತಿರುವುದು ಒಂದು ತುಂಡು ರೈಲು ಹಳಿ. ಸುತ್ತಿಗೆ ಹಿಡಿದು ಬಡಿಯಬೇಕು. ಗಂಡಸು ಸತ್ತರೆ ಮೂರು ಸರದಿ, ಹೆಂಗಸಾದರೆ ಎರಡು. ಜನ ಕಿಟಕಿ ತೆರೆದು ಎಣಿಸುತ್ತಾರೆ, ಆಮೇಲೆ ಇಗರ್ಜಿಯ ಬಾಗಿಲಿಗೆ ಬಂದು ಹೆಸರು ಕೇಳುತ್ತಾರೆ. ಕುಡಿದು ಸತ್ತವರಿಗೆ, ನೇಣು ಹಾಕಿಕೊಂಡವರಿಗೆ, ಪೊಲೀಸರಿಗೆ ನೆರೆಯವರ ಚಾಡಿ ಹೇಳುತ್ತಿದ್ದವರಿಗೆ, ಎಲ್ಲರಿಗೂ ಬಡಿದಿದ್ದೇನೆ. ಇಷ್ಟು ವರ್ಷ ಬಡಿಯದೆ ಉಳಿದದ್ದು ಒಬ್ಬನಿಗೇ. ನನ್ನಪ್ಪ ಅಲೋಯಿಸ್‌ಗೆ.

ಅಪ್ಪ ಇಲ್ಲಿಯ ಕಮ್ಮಾರ. ಯುದ್ಧದ ಕಾಲದಲ್ಲಿ ಜರ್ಮನ್ನರು ಕರಗಿಸಿ ಮದ್ದುಗುಂಡು ಮಾಡಲು ಊರೂರಿನ ಗಂಟೆ ಕೇಳಿದಾಗ, ನಮ್ಮ ಗಂಟೆಯನ್ನು ಇಳಿಸಿ, ಕುಲುಮೆಯಲ್ಲಿ ಇಟ್ಟುಕೊಂಡಿದ್ದು, ಮಾರನೆಯ ದಿನ ಗೋಣಿ ಹೊದಿಸಿ ಗಾಡಿಯಲ್ಲಿ ಸ್ಟೇಷನ್ನಿಗೆ ಒಯ್ದವನು ಅವನು. ಬೀದಿಗೆ ಬೀದಿಯೇ ನಿಂತು ನೋಡಿತ್ತು. ಯುದ್ಧ ಮುಗಿದದ್ದೇ ತಡ, ಅವನನ್ನು ಕುಲುಮೆಯಿಂದ ಎಳೆದು ತಂದು ಬೆಂಕಿ ಆರಿಸಲು ಅಗ್ನಿಶಾಮಕದವರು ನೀರು ನಿಲ್ಲಿಸಿದ್ದ ಕೊಳದ ದಂಡೆಯಲ್ಲಿ ಬಡಿದರು. ನಾನು ಚಿಕ್ಕವಳು, ಅಮ್ಮನ ಲಂಗ ಹಿಡಿದು ನಿಂತಿದ್ದೆ. ದವಡೆ ಮುರಿದು ಅಪ್ಪನಿಗೆ ಮಾತು ಹೊರಡುತ್ತಿರಲಿಲ್ಲ. ಕೊಳದ ಕಡೆಗೇ ಕೈ ಚಾಚುತ್ತಿದ್ದ. "ದೊರೆಗೆ ನೀರು ಬೇಕಂತೆ, ಕುಡಿಸ್ರೋ!" ಅಂತ ಯಾರೋ ನಕ್ಕರು. ಹಾಗೇ ನೀರಿಗೆ ನೂಕಿದರು.

ಅಪ್ಪ ಸತ್ತಾಗಲೂ, ಹೂಳುವಾಗಲೂ ಹಳಿ ಬಡಿಯಲಿಲ್ಲ. ಗಂಟೆ ಕೊಟ್ಟವನಿಗೆ ಎಂಥ ಗಂಟೆ ಅಂದರು.

ಮುಂದೆ ಹಳಿ ಬಡಿಯುತ್ತಿದ್ದ ಮುದುಕ ತೀರಿಕೊಂಡಾಗ ಆ ಕೆಲಸಕ್ಕೆ ಯಾರೂ ಬರಲಿಲ್ಲ. ಗಂಟೆ ಕೊಟ್ಟವನ ಮಗಳೇ ಬಡಿಯಲಿ ಅಂದರು. ಬಡಿದೆ. ಹಠ ಅನ್ನಿ, ಹೊಟ್ಟೆಯ ಸಂಕಟ ಅನ್ನಿ. ಅಪ್ಪನನ್ನು ಕೊಂದವರ ಸಾವನ್ನೆಲ್ಲ ನನ್ನ ಕೈಯಿಂದಲೇ ಸಾರಬೇಕು ಅನ್ನಿಸಿತ್ತು.

ಆಮೇಲೆ ಸಕ್ಕರೆ ಕಾರ್ಖಾನೆ ಕೆಡವಿದರು, ತೋಟಗಳ ಮೇಲೆ ಎತ್ತರದ ವಸತಿ ಕಟ್ಟಡ ಎಬ್ಬಿಸಿದರು, ಕೊಳ ಮುಚ್ಚಿದರು. ಈಗ ಅಲ್ಲಿ ಸೂಪರ್ ಮಾರ್ಕೆಟ್ಟಿಗೆ ಬಂದವರು ಕಾರು ನಿಲ್ಲಿಸುತ್ತಾರೆ. ಹೇಡುಕ ಮೇಷ್ಟ್ರು ರಿಟೈರಾದ ಮೇಲೆ ಜಾಲ್ಹೋಟಾದ ಚರಿತ್ರೆ ಉಳಿಸುತ್ತೇನೆ ಅಂತ ಹೊರಟು, ಗಿರಣಿಗೊಂದು, ಕಾರ್ಖಾನೆಯ ಮೊಂಡು ಚಿಮಣಿಗೊಂದು, ಇಗರ್ಜಿಗೊಂದು ಬೋರ್ಡು ಹಾಕಿಸಿದರು. ಇಗರ್ಜಿಯ ಬೋರ್ಡಿನಲ್ಲಿ ಹೀಗಿದೆ: "ಇಲ್ಲಿಯ ಗಂಟೆಯನ್ನು ಸ್ಥಳೀಯ ಕಮ್ಮಾರನೊಬ್ಬ ಜರ್ಮನ್ನರಿಗೆ ಒಪ್ಪಿಸಿದ." ಪ್ರತಿ ಸಲ ಸುತ್ತಿಗೆ ಹಿಡಿದು ಹೋಗುವಾಗಲೂ ನಾನು ಅದರ ಮುಂದೆಯೇ ಹಾದು ಹೋಗಬೇಕು.

ಈ ಶರತ್ಕಾಲದಲ್ಲಿ ಮೇಷ್ಟ್ರ ಮಗಳು ದ್ರಾಹಾ ನನ್ನ ಮನೆಗೆ ಬಂದಳು.

"ಬ್ಲಾಜೆನಮ್ಮ, ಅಪ್ಪ ನಿಮ್ಮನ್ನ ಕರೀತಿದಾರೆ."

"ನಾನು ಹೋಗೋದು ಸತ್ತ ಮೇಲಲ್ವೇನೇ?"

"ನಿಮ್ಮ ಬಾಯಿಗಿಷ್ಟು! ಬನ್ನಿ ಸುಮ್ನೆ."

ಮೇಷ್ಟ್ರು ಕಿಟಕಿಯ ಪಕ್ಕ ಮಲಗಿದ್ದರು. ಮೂಳೆ ಚಕ್ಕಳ. ಮಗಳನ್ನು ಸೂಪು ತರಲು ಕಳಿಸಿ ಬಾಗಿಲು ಹಾಕು ಅಂದರು.

"ನಾನು ಸತ್ತಾಗ ಮನಸ್ಸಲ್ಲಿ ಏನೂ ಇಟ್ಕೊಳ್ದೆ ಬಡೀಬೇಕು ಬ್ಲಾಜೆನಾ. ಅದಕ್ಕೇ ಹೇಳ್ತಿದೀನಿ. ಗಂಟೆ ಜರ್ಮನ್ನರಿಗೆ ಹೋಗ್ಲಿಲ್ಲ. ಕೊಳದಲ್ಲಿದೆ. ನಿಮ್ಮಪ್ಪ, ನಾನು ಇಬ್ರೇ ಸೇರಿ ರಾತ್ರೋರಾತ್ರಿ ನೀರಿಗೆ ಇಳಿಸಿದ್ವಿ."

"ಜ್ವರ ನೆತ್ತಿಗೇರಿದೆಯಾ ಮೇಷ್ಟ್ರೇ? ಗಾಡೀಲಿ ಹೋಗಿದ್ದೇನು ಮತ್ತೆ?"

"ಸಕ್ಕರೆ ಕಾರ್ಖಾನೆಯ ಒಡಕು ಹಂಡೆ. ಸ್ಟೇಷನ್ನಿನ ಗುಮಾಸ್ತ ನಮ್ಮೋನೇ. ನೋಡಿಯೂ ನೋಡದ ಹಾಗೆ ಇದ್ದುಬಿಟ್ಟ."

ಅಪ್ಪ ಚಾಚಿದ ಆ ಕೈ ಕಣ್ಣ ಮುಂದೆ ಬಂತು. ಅವನು ನೀರು ಕೇಳುತ್ತಿದ್ದ ಅಂತಲೇ ಇಷ್ಟು ವರ್ಷ ನಾನೂ ನಂಬಿದ್ದೆ.

"ಆವತ್ತು ಅಪ್ಪನ್ನ ಬಡೀವಾಗ ನೀನೂ ಇದ್ದೆಯಲ್ಲೋ ಅಲ್ಲಿ. ನಾಲಿಗೆ ಬಿದ್ದುಹೋಗಿತ್ತಾ?" ಮೇಷ್ಟ್ರನ್ನು ನಾನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಆ ಗುಂಪಿಗೆ ಕೇಳೋ ತಾಳ್ಮೆ ಎಲ್ಲಿತ್ತು? ನನ್ನನ್ನೂ ಎಳ್ಕೊಂಡು ಹೋಗೋರು."

"ಆಮೇಲೆ? ಅವನನ್ನ ಹೂತ ಮೇಲೆ?"

"ಆಮೇಲೆ ಹೇಳಿದ್ರೆ, ಆವತ್ತು ಯಾಕೆ ಹೇಳ್ಲಿಲ್ಲ ಅಂತಾರೆ. ಕೊಳ ಇರೋ ತನಕ ಹೆದರಿಕೆ ಇತ್ತು, ಯಾರಾದ್ರೂ ನೀರು ಖಾಲಿ ಮಾಡ್ತಾರೇನೋ ಅಂತ. ಈಗ ಮೇಲೆ ಡಾಂಬರು ಬಿದ್ದಿದೆ. ಯಾರೂ ಅಗೆಯಲ್ಲ."

ಥೂ! ಪಶ್ಚಾತ್ತಾಪ ಅಂದುಕೊಂಡಿದ್ದೆ. ಡಾಂಬರು ಬಿದ್ದ ಮೇಲೆ ಬಂದ ಧೈರ್ಯ ಅದು.

"ದ್ರಾಹಾನ ಕರೀತೀನಿ. ಅವಳೆದುರಿಗೆ ಹೇಳು. ಆ ಬೋರ್ಡು ಕಿತ್ತು ಹಾಕಿಸು."

"ಬೇಡಮ್ಮ. ನನ್ನ ಮೊಮ್ಮಕ್ಕಳು ಇದೇ ಬೀದೀಲಿ ಬಾಳ್ಬೇಕು."

"ನಾನು ಬಾಳಿದ್ದು ಯಾವ ಬೀದೀಲಿ?"

ಅವರು ಗೋಡೆಯ ಕಡೆ ಹೊರಳಿಕೊಂಡರು. ದ್ರಾಹಾ ಜೀರಿಗೆ ಸೂಪು ಹಿಡಿದು ಬಂದು, "ಏನಂತೆ ಅಪ್ಪಂದು?" ಅಂದಳು. ನಾನು ಕಾದೆ. ಮುದುಕ ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕ ಹೂಡಿದ್ದ. "ಅವರನ್ನೇ ಕೇಳು, ಬಿಡಬೇಡ," ಅಂತ ಹೇಳಿ ಎದ್ದು ಬಂದೆ. ನಾನು ಹೇಳಿದರೆ ಯಾರು ನಂಬುತ್ತಾರೆ? ಅವನ ಬಾಯಿಂದಲೇ ಬರಬೇಕಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಸೂಪರ್ ಮಾರ್ಕೆಟ್ಟಿನ ಕಾರುಗಳ ನಡುವೆ ನಿಂತುಬಿಟ್ಟೆ. ಇಲ್ಲೇ ಎಲ್ಲೋ, ನನ್ನ ಕಾಲ ಕೆಳಗೆ. ಅಳು ತಡೆಯಲಾಗಲಿಲ್ಲ. ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ. "ಅಜ್ಜೀ, ಪಕ್ಕಕ್ಕೆ ಬರ್ತೀರಾ, ಇಲ್ಲೇ ಮನೆ ಕಟ್ಕೋತೀರಾ?"

ಮರುದಿನ ಬೆಳಿಗ್ಗೆ ಮೇಷ್ಟ್ರು ಹೋದರು. ದ್ರಾಹಾ ಅತ್ತು ಊದಿದ ಮುಖದಲ್ಲಿ ಬಂದಳು. ಅಪ್ಪ ಕೊನೆಯಲ್ಲಿ ಏನಾದರೂ ಹೇಳಿದರಾ ಅಂತ ಕೇಳಿದೆ. "ನಿದ್ದೇಲೇ ಹೋದ್ರು, ಪುಣ್ಯಾತ್ಮರು," ಅಂದಳು. ನಾನು ಸುತ್ತಿಗೆ ತೆಗೆದುಕೊಂಡು ಗೋಪುರ ಹತ್ತಿದೆ. ಮೂರು ಸರದಿ ಬಡಿದೆ, ಹಿಂದೆಂದೂ ಬಡಿಯದ ಹಾಗೆ, ರಟ್ಟೆ ಸೋಲುವ ತನಕ.

ಕೆಳಗಿಳಿದು ಬಂದಾಗ ಬಾಗಿಲಲ್ಲಿ ಜನ ಸೇರಿದ್ದರು. ದ್ರಾಹಾ ನನ್ನ ಕೈ ಹಿಡಿದಳು. "ಎಷ್ಟು ಚೆನ್ನಾಗಿ ಬಡಿದ್ರಿ ಬ್ಲಾಜೆನಮ್ಮ. ಅಪ್ಪ ಕೇಳಿಸ್ಕೊಂಡಿರ್ತಾರೆ."

"ನಿಮ್ಮಪ್ಪಂಗಲ್ಲ. ನಮ್ಮಪ್ಪಂಗೆ."

ಆ ಬೋರ್ಡಿನ ಮುಂದೆಯೇ ನಿಂತು, ಗಾಡಿ, ಹಂಡೆ, ಕೊಳ, ಅಪ್ಪನ ಕೈ, ಮೇಷ್ಟ್ರ ಬಾಯಿ, ಎಲ್ಲವನ್ನೂ ಹೇಳಿದೆ.

"ಸುಳ್ಳು!" ದ್ರಾಹಾ ಕಿರುಚಿದಳು. "ಸತ್ತೋರ ಮೇಲೆ ಗೂಬೆ ಕೂರಿಸ್ತೀರಲ್ಲ, ನಾಚಿಕೆ ಆಗಲ್ವಾ?"

"ಸುಳ್ಳಾದ್ರೆ ಅಗೆಸಿ ನೋಡು. ಗಂಟೆ ಸಿಕ್ರೆ ನಿಮ್ಮಪ್ಪಂಗೆ ಅದರಲ್ಲೇ ಬಾರಿಸ್ತೀನಿ, ಹೊಟ್ಟೆಯಲ್ಲಿ ವಿಷ ಇಟ್ಕೊಳ್ದೆ. ಅಲ್ಲೀವರೆಗೂ ಈ ಸುತ್ತಿಗೆ ಯಾರ ಕೈಗೂ ಕೊಡಲ್ಲ."

ಮೇಷ್ಟ್ರ ಹೆಣ ಹಳಿಯ ಸದ್ದಿಲ್ಲದೆ ಸ್ಮಶಾನಕ್ಕೆ ಹೋಯಿತು. ಬೇಕರಿಯಲ್ಲಿ ಜನ ನನ್ನ ಜೊತೆ ಮಾತು ಬಿಟ್ಟರು. ಅದೇನು ನನಗೆ ಹೊಸದಲ್ಲ. ಬೋರ್ಡು ಅಲ್ಲೇ ಇದೆ.

ಮೊದಲ ಹಿಮ ಬಿದ್ದ ಭಾನುವಾರ ಸೂಪರ್ ಮಾರ್ಕೆಟ್ಟು ಮುಚ್ಚಿತ್ತು, ಕಾರುಗಳಿರಲಿಲ್ಲ. ಆ ಬಯಲಿನ ನಡುವೆ ದ್ರಾಹಾ ಒಬ್ಬಳೇ ನಿಂತು ಬೂಟಿನ ಹಿಮ್ಮಡಿಯಿಂದ ನೆಲ ಕುಟ್ಟಿ ನೋಡುತ್ತಿದ್ದಳು. ನನ್ನನ್ನು ಕಂಡು ನಿಲ್ಲಿಸಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಎಲ್ಲಿ?" ಅಂದಳು.

ನಾನು ಕೈ ಚಾಚಿದೆ, ಅಪ್ಪ ಚಾಚಿದ್ದ ಕಡೆಗೆ.